ಕಾಲೋಲ್ಲೇಖಗಳ ಯಂತ್ರಸಂಗ್ರಹ: ಒಂದು ವಿಮರ್ಶೆ

ನಮ್ಮ ಸಾಹಿತ್ಯಚರಿತ್ರೆಯು ಕಾಲನಿರ್ಣಯವೆಂಬ ಅಸ್ತಿಭಾರದ ಮೇಲೆ ನಿಂತಿರುವುದೆಂಬುದು ವಿದ್ವಾಂಸರಿಗೆ ವಿದಿತವಾದ ವಿಷಯವೇ ಸರಿ. ಪಂಪನು ಆದಿಪುರಾಣವನ್ನು ಶಕ 863ನೆಯ ಪ್ಲವ ಸಂವತ್ಸರದಲ್ಲಿಯೂ, ರನ್ನನು ಅಜಿತಪುರಾಣವನ್ನು ಶಕ 915ನೆಯ ವಿಜಯ ಸಂವತ್ಸರದಲ್ಲಿಯೂ ಪೂರೈಸಿದರೆಂಬ ಉಲ್ಲೇಖಗಳು ಇಲ್ಲದಿದ್ದರೆ ಆ ಕಾಲದ ಕವಿಗಳ ಪೌರ್ವಾಪರ್ಯವನ್ನು ಇಷ್ಟು ನಿಶ್ಚಯವಾಗಿ ಹೇಳಲು ಸಾಧ್ಯವಾಗುತ್ತಿರಲಿಲ್ಲ. ಈಚೆಗೆ ಗ್ರಂಥಗಳೂ ಶಾಸನಸಂಪುಟಗಳೂ ಗಣಕಯಂತ್ರಕ್ಕೆ ಏರಿರುವುದರಿಂದ, 1991ರಲ್ಲಿ ಗೈಡೋ ವಾನ್ ರೋಸಮ್ ಅವರು ಹೊರತಂದ ಪೈಥಾನ್ ಎಂಬ ಯಂತ್ರಭಾಷೆಯಲ್ಲಿ ಹತ್ತಾರು ಪಂಕ್ತಿಗಳ ಪ್ರೋಗ್ರಾಮೊಂದನ್ನು ಬರೆದು, ಸಾವಿರಾರು ಪುಟಗಳಿಂದ ತೇದಿಗಳನ್ನು ಆಯ್ದು ಪಟ್ಟಿಮಾಡುವುದು ಸುಲಭವಾಗಿದೆ. ಈ ಶ್ರಮಲಾಘವವನ್ನು ನಿಂದಿಸುವುದು ನಮ್ಮ ಉದ್ದೇಶವಲ್ಲ. ತನಗೆ ಓದಲಾಗದ ತೇದಿಯನ್ನು ಯಂತ್ರವು ಏನು ಮಾಡುತ್ತದೆ, ಮತ್ತು ಅದನ್ನು ನಡೆಸುವವರು ಏನು ಮಾಡಗೊಡುತ್ತಾರೆ, ಎಂಬುದೇ ಪ್ರಕೃತ ವಿಚಾರ.

ಇಲ್ಲಿ ಸಂಭವಿಸುವ ದೋಷಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಪ್ರಕಟದೋಷ. ‘ಫೆಬ್ರವರಿ 30’ ಎಂಬಂಥ ಅಸಂಭವವಾದ ತೇದಿಯನ್ನು ಕೊಟ್ಟರೆ ಪೈಥಾನಿನ ‘ಡೇಟ್‌ಟೈಮ್’ ವಿಭಾಗವು ಅದನ್ನು ಅಂಗೀಕರಿಸದೆ, ‘ವ್ಯಾಲ್ಯೂ ಎರರ್’ ಎಂಬ ದೋಷಸೂಚನೆಯನ್ನು ಕೊಟ್ಟು ನಿಂತುಬಿಡುತ್ತದೆ. ಇದನ್ನು ಉಪದ್ರವವೆಂದು ಭಾವಿಸಿ, ‘ಟ್ರೈ’, ‘ಎಕ್ಸೆಪ್ಟ್’ ಎಂಬ ವಿಧಿಗಳ ನಡುವೆ ಅದನ್ನು ಹಿಡಿದು, ‘ಪಾಸ್’ ಎಂಬ ಒಂದೇ ಮಾತಿನಿಂದ ಅಡಗಿಸಿಬಿಡುವವರು ಅನೇಕರು. ‘ಪಾಂಡಾಸ್’ ಎಂಬ ಕೋಷ್ಟಕಸಾಧನದಲ್ಲಿ ‘ಕೋಅರ್ಸ್’ ಎಂಬ ಆಯ್ಕೆಯನ್ನು ಕೊಟ್ಟರೂ ಓದಲಾಗದ ತೇದಿಯ ಸ್ಥಳವು ಬರಿದಾಗುತ್ತದೆ. ಇದರ ಫಲವೇನು? ತೇದಿಯೇ ಇಲ್ಲದ ಲೇಖವೂ, ತೇದಿಯಿದ್ದು ಯಂತ್ರಕ್ಕೆ ಅರ್ಥವಾಗದ ಲೇಖವೂ ಪಟ್ಟಿಯಲ್ಲಿ ಒಂದೇ ರೂಪವಾಗಿ ಕಾಣುತ್ತವೆ. ಶಾಸನವನ್ನು ಸಂಪಾದಿಸುವವನು ಅಕ್ಷರಗಳು ಅಳಿಸಿಹೋದ ಎಡೆಯಲ್ಲಿ ಚುಕ್ಕಿಗಳನ್ನಿಟ್ಟು ತೋರಿಸುತ್ತಾನೆಯೇ ಹೊರತು, ಹಿಂದುಮುಂದಿನ ಪದಗಳನ್ನು ಕೂಡಿಸಿ ಅಲ್ಲಿ ಏನೂ ಇರಲಿಲ್ಲವೆಂಬಂತೆ ಮುದ್ರಿಸುವುದಿಲ್ಲ.

ಎರಡನೆಯದು ಪೂರಣದೋಷ, ಇಲ್ಲದುದನ್ನು ಯಂತ್ರವು ತಾನೇ ತುಂಬಿಕೊಡುವುದು. ‘ಡೇಟ್‌ಯುಟಿಲ್’ ಎಂಬ ಪ್ರಸಿದ್ಧ ಸಾಧನಕ್ಕೆ ಇಂಗ್ಲಿಷಿನಲ್ಲಿ ‘ಮೇ 1915’ ಎಂದು ಮಾತ್ರ ಕೊಟ್ಟರೆ, ದಿನವು ತಿಳಿಯದೆಂದು ಅದು ಹೇಳುವುದಿಲ್ಲ. ಪ್ರೋಗ್ರಾಮು ನಡೆದ ದಿನದ ಸಂಖ್ಯೆಯನ್ನೇ ತಂದು ಸೇರಿಸುತ್ತದೆ. ಆದುದರಿಂದ 12ನೆಯ ತಾರೀಖಿನಲ್ಲಿ ನಡೆಸಿದವನಿಗೆ 1915ನೆಯ ಮೇ 12 ಎಂದೂ, 20ರಲ್ಲಿ ನಡೆಸಿದವನಿಗೆ ಮೇ 20 ಎಂದೂ ಬರುತ್ತದೆ. ಅದೇ ಸಾಧನವು ‘05/06/1915’ ಎಂಬುದನ್ನು ಅಮೆರಿಕದ ರೂಢಿಯಂತೆ ಮೇ 6 ಎಂದು ಓದುತ್ತದೆ. ‘25/06/1915’ ಎಂಬಲ್ಲಿ 25ನೆಯ ತಿಂಗಳಿಲ್ಲವಾದುದರಿಂದ ಮಾತಿಲ್ಲದೆ ಕ್ರಮವನ್ನು ತಿರುಗಿಸಿ ಜೂನ್ 25 ಎನ್ನುತ್ತದೆ. ಒಬ್ಬನೇ ಲೇಖಕನು ಒಂದೇ ಪುಟದಲ್ಲಿ ಬರೆದ ಎರಡು ತೇದಿಗಳಿಗೆ ಎರಡು ನ್ಯಾಯಗಳು! ದಿನವು ಮೊದಲೆಂಬ ನಿಯಮವನ್ನು ನಾವೇ ವಿಧಿಸದಿದ್ದರೆ ಈ ವೈಷಮ್ಯವು ಕಣ್ಣಿಗೆ ಬೀಳುವುದೇ ಇಲ್ಲ.

ಮೂರನೆಯದೂ ಅತ್ಯಂತ ಅಪಾಯಕರವಾದುದೂ ಪ್ರಚ್ಛನ್ನದೋಷ. ಇಲ್ಲಿ ಯಂತ್ರವು ತಡವರಿಸುವುದೂ ಇಲ್ಲ, ತುಂಬುವುದೂ ಇಲ್ಲ. ಸರಾಗವಾಗಿ ತಪ್ಪನ್ನೇ ಓದುತ್ತದೆ. ‘ಶಕ 863’ ಎಂಬುದರಿಂದ ಅಂಕಿಗಳನ್ನು ಮಾತ್ರ ಆಯ್ದುಕೊಂಡರೆ ಕ್ರಿಸ್ತಶಕ 863 ಎಂಬ ವರ್ಷವು ದೊರೆತು, ಪಂಪನು 78 ವರ್ಷ ಹಿಂದಕ್ಕೆ ಸರಿಯುತ್ತಾನೆ. 1ರಿಂದ 9999ರವರೆಗಿನ ಯಾವ ವರ್ಷವಾದರೂ ‘ಡೇಟ್‌ಟೈಮ್’ಗೆ ಸಮ್ಮತವೇ ಆದುದರಿಂದ ದೋಷಸೂಚನೆಯು ಹುಟ್ಟುವುದಿಲ್ಲ. ಪೈಥಾನ್ ಕನ್ನಡದ ಅಂಕಿಗಳನ್ನೂ ಅಂಕಿಗಳೆಂದೇ ಗ್ರಹಿಸುತ್ತದೆ. ಇದು ಶ್ಲಾಘ್ಯವಾದ ಗುಣ. ಆದರೆ ಅಕ್ಷರ ಜೋಡಿಸಿದವನು ‘೧೯೩೦’ ಎಂಬಲ್ಲಿ ಸೊನ್ನೆಗೆ ಬದಲಾಗಿ ಅದರಂತೆಯೇ ತೋರುವ ಅನುಸ್ವಾರವನ್ನು ಇಟ್ಟಿದ್ದರೆ, ಯಂತ್ರಕ್ಕೆ ಅದು ಅಂಕಿಯಲ್ಲವಾಗಿ, 193 ಎಂಬ ವರ್ಷವು ಮಾತ್ರ ಕೈಗೆ ಬರುತ್ತದೆ. ಓದುಗನ ಕಣ್ಣಿಗೆ ಪಾಠವು ಶುದ್ಧ. ಪಟ್ಟಿಯಲ್ಲಿ ಹದಿನೇಳು ಶತಮಾನಗಳಿಗೂ ಮೀರಿದ ಅಂತರ.

ಇಂಥ ದೋಷವನ್ನು ಹಿಡಿಯುವ ಉಪಾಯವು ನಮ್ಮ ಕಾಲೋಲ್ಲೇಖಗಳ ಒಳಗೇ ಇದೆ. ಗತಶಕವರ್ಷಕ್ಕೆ 12ನ್ನು ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವು, ದಾಕ್ಷಿಣಾತ್ಯ ಪದ್ಧತಿಯಲ್ಲಿ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆಯಾಗುತ್ತದೆ. 863ಕ್ಕೆ ಶೇಷವು 35, ಮೂವತ್ತೈದನೆಯದು ಪ್ಲವವೇ. 915ಕ್ಕೆ ಶೇಷವು 27, ಅದು ವಿಜಯವೇ. ಮುದ್ರಣದ ಮಸಿಯಿಂದ ‘೬’ ಎಂಬುದು ‘೯’ ಎಂದು ತೋರಿ 863ನ್ನು ಯಂತ್ರವು 893 ಎಂದು ಓದಿತೆನ್ನೋಣ. ಶೇಷವು 5ಾಗಿ ಪ್ರಜೋತ್ಪತ್ತಿ ಬರುತ್ತದೆ, ಗ್ರಂಥವು ಪ್ಲವವೆನ್ನುತ್ತದೆ. ಸಾಕ್ಷಿಗಳಲ್ಲಿ ವಿರೋಧವು ಕಂಡೊಡನೆ ಪ್ರೋಗ್ರಾಮು ತಾನಾಗಿ ದೋಷಸೂಚನೆಯನ್ನು ಹೊರಡಿಸುವಂತೆ ಬರೆಯುವುದು ಕಷ್ಟವಲ್ಲ. ಆದರೆ ತಿದ್ದುವ ಅಧಿಕಾರವನ್ನು ಅದಕ್ಕೆ ಕೊಡಲಾಗದು. ಒಂದು ಪ್ರತಿಯಲ್ಲಿ 864 ಪ್ಲವ ಎಂದಿದ್ದರೆ ಅದು ಲಿಪಿಕಾರನ ಪ್ರಮಾದವೂ ಆಗಿರಬಹುದು, ಗತವರ್ಷಕ್ಕೆ ಬದಲಾಗಿ ವರ್ತಮಾನವರ್ಷವನ್ನು ಎಣಿಸಿದ ಕ್ರಮವೂ ಆಗಿರಬಹುದು, ನಿರ್ಣಯವು ವಿದ್ವಾಂಸನದು.

ಸಾಕ್ಷಿಗಳು ಒಪ್ಪಿದರೂ ಎಚ್ಚರ ತಪ್ಪಬಾರದೆಂಬುದಕ್ಕೆ ಬೇಲೂರಿನ ಉದಾಹರಣೆಯು ಸಾಕು. ವಿಷ್ಣುವರ್ಧನನು ವಿಜಯನಾರಾಯಣನನ್ನು ಪ್ರತಿಷ್ಠೆಮಾಡಿಸಿದುದು ಶಕ 1039ನೆಯ ಹೇವಿಳಂಬಿಯಲ್ಲಿ. ಅದಕ್ಕೆ ವಿದ್ವಾಂಸರು ಕೊಡುವ ತೇದಿ 1117ನೆಯ ಮಾರ್ಚ್ 10, ಶನಿವಾರ. ಇದು ಜೂಲಿಯನ್ ಪಂಚಾಂಗದ ತೇದಿ. ಪೈಥಾನಾದರೋ 1582ರಲ್ಲಿ ಬಳಕೆಗೆ ಬಂದ ಗ್ರೆಗೋರಿಯನ್ ಪಂಚಾಂಗವನ್ನೇ ಹಿಂದಕ್ಕೂ ಚಾಚಿ ಎಣಿಸುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಇವೆರಡರ ಅಂತರವು ಸರಿಯಾಗಿ 7 ದಿನಗಳಾದುದರಿಂದ, ಅದು ಬೇರೊಂದು ದಿನವನ್ನು ಎಣಿಸುತ್ತಿದ್ದರೂ ವಾರವನ್ನು ಕೇಳಿದರೆ ಶನಿವಾರವೆಂದೇ ಉತ್ತರಕೊಡುತ್ತದೆ! ವಾರದ ಪರೀಕ್ಷೆಯಲ್ಲಿ ಉತ್ತೀರ್ಣವಾದ ಈ ತೇದಿಯು ನಿಜಕ್ಕೂ ಒಂದು ವಾರ ತಪ್ಪಿದೆ. ಪಂಪನ ಕಾಲದಲ್ಲಿ ಅಂತರವು 5 ದಿನಗಳಾಗಿದ್ದುದರಿಂದ ಅಲ್ಲಿ ವಾರವೇ ತಪ್ಪನ್ನು ಬಯಲುಮಾಡುತ್ತಿತ್ತು.

ಪ್ರತಿಯೊಂದು ದೋಷಕ್ಕೂ ನಿಂತರೆ ಕೆಲಸವು ಸಾಗುವುದೆಂತೆಂದು ಕೆಲವರು ಆಕ್ಷೇಪಿಸಬಹುದು. ನಿಲ್ಲಬೇಕೆಂದು ನಾವು ಹೇಳುವುದಿಲ್ಲ. ಸಕಲ ದೋಷಗಳನ್ನೂ ಒಟ್ಟಾಗಿ ನುಂಗದೆ ‘ವ್ಯಾಲ್ಯೂ ಎರರ್’ ಒಂದನ್ನೇ ಹಿಡಿದು, ಮೂಲದ ಪಾಠ, ಪುಟ, ನಿರಾಕರಣದ ಕಾರಣ, ಈ ಮೂರನ್ನೂ ಬೇರೊಂದು ಪಟ್ಟಿಗೆ ಸೇರಿಸಿ ಮುಂದುವರಿಯಬಹುದು. ಪೂರಣದೋಷಕ್ಕೆ, ಬೇರೆಬೇರೆ ಆಧಾರದಿನಗಳನ್ನು ಕೊಟ್ಟು ಒಂದೇ ಪಾಠವನ್ನು ಎರಡು ಸಲ ಓದಿಸಬೇಕು. ಫಲಗಳು ಭಿನ್ನವಾದರೆ ಆ ಅಂಶವು ಮೂಲದ್ದಲ್ಲ, ಯಂತ್ರದ್ದು. ಶಕೆಯೂ ಪಂಚಾಂಗವೂ ಯಾವುದೆಂಬುದನ್ನು ತೇದಿಯೊಡನೆಯೇ ಬರೆದಿಡಬೇಕು.

ಪಾಠವನ್ನು ಮೇಲೆ ಉಳಿಸಿ, ತಿದ್ದುಪಡಿಯನ್ನು ಕೆಳಗೆ ಸೂಚಿಸುವುದು ಗ್ರಂಥಸಂಪಾದಕರ ಧರ್ಮ. ಯಂತ್ರವನ್ನು ನಡೆಸುವವರಿಗೂ ಇದೇ ಧರ್ಮವು ಸಲ್ಲುತ್ತದೆ. ಓದಲಾಗಲಿಲ್ಲವೆಂದು ಒಪ್ಪಿಕೊಂಡ ಪಟ್ಟಿಯಿಂದ ನಾಳಿನ ವಿದ್ವಾಂಸನು ಕೆಲಸವನ್ನು ಮುಂದುವರಿಸಬಲ್ಲನು. ಎಲ್ಲವನ್ನೂ ಓದಿದಂತೆ ನಟಿಸುವ ಪಟ್ಟಿಯನ್ನು ಅವನು ಮೊದಲಿನಿಂದ ಪರೀಕ್ಷಿಸಬೇಕಾಗುತ್ತದೆ, ಇಲ್ಲವೆ ನಂಬಿ ಮೋಸಹೋಗಬೇಕಾಗುತ್ತದೆ.