ಉಗ್ರಾಣದ ಬಾಗಿಲು: ಮಲೆನಾಡಿನ ಕ್ರೈಸ್ತರ ಏಕಾಂತ ಪ್ರಾರ್ಥನೆಯ ಚರಿತ್ರೆಯನ್ನು ಕುರಿತು

ಕೆಳದಿ ಇಕ್ಕೇರಿಗಳು ಸಾಗರ ತಾಲ್ಲೂಕಿನಲ್ಲಿಯೂ, ಬಿದನೂರು ಎಂಬ ಇಂದಿನ ನಗರವು ಹೊಸನಗರ ತಾಲ್ಲೂಕಿನಲ್ಲಿಯೂ, ಕವಲೇದುರ್ಗವು ತೀರ್ಥಹಳ್ಳಿ ತಾಲ್ಲೂಕಿನಲ್ಲಿಯೂ ಇವೆ. ಒಂದು ಅರಸುಮನೆತನದ ರಾಜಧಾನಿಗಳೂ ದುರ್ಗಗಳೂ ಹೀಗೆ ನೆರೆಹೊರೆಯ ಮೂರು ತಾಲ್ಲೂಕುಗಳಲ್ಲಿ ಹರಡಿರುವುದರಿಂದ, ಈ ಪ್ರದೇಶದ ಕ್ರೈಸ್ತರನ್ನು ಕುರಿತು ಬರೆಯುವವರೆಲ್ಲ ಕೆಳದಿಯ ನಾಯಕರಿಂದಲೇ ಪ್ರಾರಂಭಿಸುವುದು ವಾಡಿಕೆಯಾಗಿದೆ. ಪೋರ್ಚುಗೀಸರಿಗೆ ಬೇಕಾಗಿದ್ದ ಮೆಣಸು ಮತ್ತು ಅಕ್ಕಿ, ಕರಾವಳಿಯ ಕೆಲವೆಡೆ ಚರ್ಚು ಕಟ್ಟಲು 17ನೆಯ ಶತಮಾನದ ಉತ್ತರಾರ್ಧದಲ್ಲಿ ದೊರೆತ ಅನುಮತಿ, 1763ರಲ್ಲಿ ಹೈದರನು ಬಿದನೂರನ್ನು ಹಿಡಿದದ್ದು, 1784ರ ಸೆರೆ, 1799ರ ಬಿಡುಗಡೆ: ಇವು ಆ ಬರೆಹಗಳ ಮೈಲಿಗಲ್ಲುಗಳು. ತರಗತಿಯಲ್ಲಿ ನಾವೂ ಹಲವು ವರ್ಷ ಇದನ್ನೇ ಹೇಳಿದ್ದೇವೆ. ಒಮ್ಮೆ ಸಾಗರದ ಕಡೆಯ ವಿದ್ಯಾರ್ಥಿಯೊಬ್ಬನು ಎದ್ದುನಿಂತು, "ಇವರೆಲ್ಲ ದೇವರನ್ನು ಯಾವಾಗ ನೆನೆಯುತ್ತಿದ್ದರು ಸಾರ್?" ಎಂದು ಕೇಳಿದನು. ತರಗತಿ ನಕ್ಕಿತು. ಉತ್ತರ ನಮ್ಮಲ್ಲಿರಲಿಲ್ಲ. ಈ ಬರೆಹಕ್ಕೆ ಆ ಪ್ರಶ್ನೆಯೇ ಮೂಲ.

ನಮ್ಮ ಆಕ್ಷೇಪಣೆ ಇಷ್ಟು. ಒಂದು ಮತಸಮುದಾಯದ ಚರಿತ್ರೆಯೆಂದು ನಾವು ಬರೆದದ್ದು ಆ ಸಮುದಾಯದ ಹೊರಬಾಗಿಲ ಚರಿತ್ರೆ. ಒಪ್ಪಂದ, ಕಟ್ಟಡ, ಅಧಿಕಾರವ್ಯಾಪ್ತಿ, ತಲೆಯೆಣಿಕೆ ಇವು ದಾಖಲೆಯಲ್ಲಿ ಉಳಿಯುತ್ತವೆ. ಒಬ್ಬನು ಒಬ್ಬನೇ ಕುಳಿತು ಮಾಡಿದ ಪ್ರಾರ್ಥನೆ ಉಳಿಯುವುದಿಲ್ಲ. ಉಳಿಯದಿದ್ದುದು ಇರಲೇ ಇಲ್ಲವೆಂದು ಭಾವಿಸುವುದು ಚರಿತ್ರಕಾರನ ಹಳೆಯ ದೋಷ.

ಮಲೆನಾಡನ್ನು ಕಂಡು ಬರೆದಿಟ್ಟ ಕ್ರೈಸ್ತರಲ್ಲಿ ಪ್ರಸಿದ್ಧನಾದವನು ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ. 1623ರಲ್ಲಿ ಗೋವೆಯ ರಾಯಭಾರದೊಂದಿಗೆ ಘಟ್ಟವನ್ನು ಹತ್ತಿ ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನ ರಾಜಧಾನಿಯನ್ನು ಕಂಡವನು. ಬೀದಿ, ಗುಡಿ, ಉತ್ಸವ, ಸಹಗಮನಕ್ಕೆ ಸಿದ್ಧಳಾದ ಹೆಂಗಸಿನೊಡನೆ ಆಡಿದ ಮಾತು ಎಲ್ಲವನ್ನೂ ಅವನ ಪತ್ರಗಳು ವಿವರವಾಗಿ ಹೇಳುತ್ತವೆ. ಈತನು ಜೆರೂಸಲೇಮಿಗೆ ಯಾತ್ರೆ ಹೋಗಿ ಬಂದವನು. ಪರ್ಷಿಯದಲ್ಲಿ ತೀರಿಕೊಂಡ ಪತ್ನಿ ಮಾನಿಯ ಶವವನ್ನು ಕೆಡದಂತೆ ಕಾಪಾಡಿ ಕೊನೆಗೆ ರೋಮಿಗೆ ಒಯ್ದು ಸಮಾಧಿ ಮಾಡಿದವನು. ಇಂಥವನು ಇಕ್ಕೇರಿಯ ರಾತ್ರಿಗಳಲ್ಲಿ ಪ್ರಾರ್ಥಿಸದೆ ಇದ್ದನೆಂದು ನಂಬುವುದು ಕಷ್ಟ. ಆದರೆ ನಮ್ಮ ಪಠ್ಯಪುಸ್ತಕಗಳು ಅವನಿಂದ ಎತ್ತಿಕೊಂಡದ್ದು ಬೀದಿಯ ಅಗಲವನ್ನು ಮಾತ್ರ. ತನ್ನ ದುಃಖವನ್ನು ಹೊತ್ತು ಗಂಡನ ಚಿತೆಗೆ ಹೊರಟವಳೊಡನೆ ನಿಂತು ಮಾತಾಡಿದ ಒಬ್ಬ ವಿಧುರನನ್ನು ನಾವು ಪ್ರವಾಸಿಯೆಂದಷ್ಟೇ ಓದಿದೆವು.

ಇನ್ನು ಸಂತ ಜೋಸೆಫ್ ವಾಜ್. 1651ರಲ್ಲಿ ಗೋವೆಯಲ್ಲಿ ಹುಟ್ಟಿದ ಈ ಪಾದ್ರಿಯವರು 1681ರಿಂದ 1684ರವರೆಗೆ ಕೆನರಾ ಪ್ರಾಂತದಲ್ಲಿ ದುಡಿದರು. ಆ ಕರಾವಳಿಯನ್ನು ಆಗ ಬಿದನೂರಿನಿಂದ ಆಳುತ್ತಿದ್ದವಳು ರಾಣಿ ಚೆನ್ನಮ್ಮಾಜಿ. ಪೋರ್ಚುಗಲಿನ ದೊರೆಗೆ ಸೇರಿದ ಪದ್ರುವಾದೊ ಅಧಿಕಾರಕ್ಕೂ ರೋಮಿನ ಪ್ರೊಪಗಾಂಡ ಸಭೆ ಕಳುಹಿಸಿದ ಬಿಷಪ್ ತೋಮಸ್ ದ ಕಾಸ್ತ್ರೊ ಅವರಿಗೂ ನಡುವೆ ನಡೆಯುತ್ತಿದ್ದ ತಕರಾರನ್ನು ಶಮನಗೊಳಿಸುವುದು ವಾಜರ ಪಾಲಿಗೆ ಬಂದಿತ್ತು. ಮೂರು ವರ್ಷ ತಿರುಗಿ ಗೋವೆಗೆ ಹಿಂದಿರುಗಿದವರು 1685ರಲ್ಲಿ ಸೇರಿದ್ದು ಪ್ರಾರ್ಥನೆಯನ್ನೇ ದಿನಚರಿಯ ನಡುಗಂಬವಾಗಿಸಿಕೊಂಡ ಓರೆಟರಿ ಬಳಗವನ್ನು. ಅಲ್ಲಿಂದ ಮುಂದೆ ಸಿಂಹಳಕ್ಕೆ ಹೋದರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಅವರನ್ನು ಸಂತರೆಂದು ಸಾರಲಾಯಿತು. 1745ರಲ್ಲಿ ಅಚ್ಚಾದ ಸೆಬಾಸ್ತ್ಯಾಂವ್ ದೊ ರೇಗೊ ಅವರ ಜೀವನಚರಿತ್ರೆಯಿಂದ ಮೊದಲುಗೊಂಡು ಬಂದ ವಾಜರ ಚರಿತ್ರೆಗಳು ಅವರ ದೀರ್ಘ ಪ್ರಾರ್ಥನೆಯನ್ನು ಕೊಂಡಾಡುತ್ತವೆ. ಆದರೆ ಕೊಂಡಾಟದಲ್ಲಿಯೇ ಒಂದು ತೊಡಕಿದೆ. ಸಂತಚರಿತ್ರೆಯಲ್ಲಿ ಏಕಾಂತವು ಅಸಾಧಾರಣ ಪುರುಷನ ಪವಾಡದ ಪೂರ್ವಸಿದ್ಧತೆಯಾಗಿ ಕಾಣುತ್ತದೆ. ಸಾಮಾನ್ಯ ಗೃಹಸ್ಥನಿಗೆ ಅದು ತನ್ನದಲ್ಲವೆನ್ನಿಸುತ್ತದೆ. ವಾಜರ ಬಾಳಿನಲ್ಲಿ ನಮಗೆ ಮುಖ್ಯವಾದುದು ಬೇರೆ: ಅಧಿಕಾರದ ಕಟ್ಟಲೆಗಳ ನಡುವೆ, ದೂರು ಅಹವಾಲುಗಳನ್ನು ಕೇಳುತ್ತ, ನಡೆಯುತ್ತ ಇದ್ದವನಿಗೆ ಹೊತ್ತು ಎಲ್ಲಿಂದ ಬಂದಿತು ಎಂಬುದು. ಅದನ್ನು ವಿಚಾರಿಸಿದ ಬರೆಹವೊಂದೂ ನಮ್ಮ ಕಣ್ಣಿಗೆ ಬಿದ್ದಿಲ್ಲ.

1784ರ ಸೆರೆಯನ್ನು ಕುರಿತ ವಾದವಿವಾದ ಇಲ್ಲಿ ಬೇಡ. ಒಂದು ಅಂಶವನ್ನು ಮಾತ್ರ ಹೇಳಬೇಕು. ಪಾದ್ರಿಗಳನ್ನು ಹೊರಗಟ್ಟಿದ ಮೇಲೆ 15 ವರ್ಷ ಪೂಜೆ, ಪ್ರಸಂಗ, ಪಾಪನಿವೇದನೆಗಳಿಗೆ ಬಹುಮಟ್ಟಿಗೆ ಎರವಾಗಿದ್ದ ಜನ 1799ರ ಅನಂತರ ಮರಳಿ ಬಂದು ಮತ್ತೆ ಕ್ರೈಸ್ತರಾಗಿಯೇ ಬಾಳಿದರು. ನಡುವಣ ಕಾಲದಲ್ಲಿ ಅವರಲ್ಲಿ ಉಳಿದಿರಬಹುದಾದುದು ಬಾಯಿಪಾಠದ ಕೊಂಕಣಿ ಜಪವಲ್ಲದೆ ಮತ್ತೇನು? ಚರ್ಚುಗಳ ಪಟ್ಟಿಯಿಂದ ವಿವರಿಸಲಾಗದ್ದನ್ನು ಇದು ವಿವರಿಸುತ್ತದೆ.

ಇಲ್ಲಿ ಮಾತಿನ ಪ್ರಶ್ನೆ ಏಳುತ್ತದೆ. 1831ರ ವೇಳೆಗೆ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮುಂತಾದವರ ಶ್ರಮದಿಂದ ಇಡೀ ಬೈಬಲು ಕನ್ನಡಕ್ಕೆ ಬಂದಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ವೈಗಲ್, ಮೋಗ್ಲಿಂಗ್ ಮೊದಲಾದವರು ಅನಂತರ ಅದನ್ನು ತಿದ್ದಿದರು. ಇವರು ದಿನವೂ ಒಬ್ಬೊಬ್ಬನೇ ವೇದವಾಕ್ಯ ಓದಿ ನೆನೆಯುವ ವುರ್ಟೆಂಬರ್ಗಿನ ಭಕ್ತಿಪಂಥದಲ್ಲಿ ಬೆಳೆದವರು. ಮೊದಲನೆಯ ಕೀರ್ತನೆಯಲ್ಲಿ ಹಗಲಿರುಳು ಧರ್ಮಶಾಸ್ತ್ರದಲ್ಲಿ ತೊಡಗಿದವನ ಕ್ರಿಯೆಗೆ ಕನ್ನಡದಲ್ಲಿ ನಿಂತ ಮಾತು 'ಧ್ಯಾನಿಸು'. ಹೀಬ್ರೂ ಮೂಲದ 'ಹಾಗಾ' ಎಂಬ ಧಾತುವಿಗಾದರೋ ಗುಣುಗುವುದು ಎಂದರ್ಥ. ಯೆಶಾಯನ ಗ್ರಂಥದಲ್ಲಿ ಬೇಟೆಯ ಮೇಲೆ ನಿಂತ ಸಿಂಹದ ಗುರುಗುಟ್ಟುವಿಕೆಗೂ ಪಾರಿವಾಳದ ನರಳಿಕೆಗೂ ಅದೇ ಧಾತು. ಎಂದರೆ ಅಲ್ಲಿಯ ಮನನವು ಬಾಯಿಯ ಕೆಲಸ, ಸದ್ದಿರುವ ಕೆಲಸ. 'ಧ್ಯಾನ'ವೆಂದೊಡನೆ ನಮ್ಮ ಜನಕ್ಕೆ ಕಾಣುವುದು ಪದ್ಮಾಸನ, ಮುಚ್ಚಿದ ಕಣ್ಣು, ಮೌನ. ಕೆಥೊಲಿಕರು ಬಳಸುವ 'ಜಪ' ಎಂಬ ಮಾತು ಮೂಲಕ್ಕೆ ಹೆಚ್ಚು ಹತ್ತಿರ. ಪ್ರಾಟೆಸ್ಟಂಟರಲ್ಲಿ 'ಪ್ರಾರ್ಥನೆ' ರೂಢಿಯಾಗಿ 'ಜಪ' ಹಿಂದೆ ಸರಿಯಿತು. ಅರ್ಥವಿಲ್ಲದ ಪುನರುಕ್ತಿಯೆಂಬ ಅಂಜಿಕೆ ಅದಕ್ಕೆ ಕಾರಣವಾಗಿರಬೇಕು. ಆ ಅಂಜಿಕೆಗೂ ಸುವಾರ್ತೆಯಲ್ಲಿ ಆಧಾರವುಂಟೆಂಬುದನ್ನು ನಾವು ಮರೆತಿಲ್ಲ. ಆದರೂ ಗುಣುಗುಟ್ಟುವ ಅಜ್ಜಿಯನ್ನು ಧ್ಯಾನ ತಿಳಿಯದವಳೆಂದು ಎಣಿಸುವಂತಾದದ್ದು ಭಾಷಾಂತರದ ಒಂದು ನಷ್ಟ. ಇಂದು 'ಧ್ಯಾನಕೂಟ'ವೆಂದರೆ ಧ್ವನಿವರ್ಧಕ ಕಟ್ಟಿ ನೂರಾರು ಜನ ಸೇರುವ ಸಭೆ ಎಂಬುದನ್ನು ನೋಡಿದರೆ, ಮಾತುಗಳಿಗೂ ವಿನೋದಪ್ರಜ್ಞೆ ಇದೆಯೆನ್ನಬೇಕು.

ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ, ಪ್ರಾರ್ಥಿಸುವವನು ಒಳಹೊಕ್ಕು ಬಾಗಿಲು ಮುಚ್ಚಿಕೊಳ್ಳಬೇಕಾದ ಜಾಗಕ್ಕೆ ನಮ್ಮಲ್ಲಿ 'ಕೋಣೆ' ಎಂದಿದೆ. ಗ್ರೀಕಿನ ಮಾತು 'ತಮೇಯಿಯೋನ್'. ಲೂಕನು ಕಾಗೆಗಳಿಗೆ ಅದಿಲ್ಲವೆನ್ನುತ್ತಾನೆ. ಅಲ್ಲಿ ಅದು ಕಾಳುಕಡಿ ತುಂಬುವ ಉಗ್ರಾಣವೇ. ಗಲಿಲಾಯದ ಬಡವನ ಮನೆಯಲ್ಲಿ ಮುಚ್ಚಬಹುದಾದ ಬಾಗಿಲಿದ್ದರೆ ಅದು ಉಗ್ರಾಣಕ್ಕೆ ಇದ್ದಿರಬೇಕು. ಮಲೆನಾಡಿನ ಹಳೆಯ ಮನೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜಗಲಿ ಬಂದವರದು, ನಡುಮನೆ ಎಲ್ಲರದು, ಅಡುಗೆಮನೆ ಹೆಂಗಸರದು; ಬೀಗವಿರುವುದು ಅಕ್ಕಿ ಅಡಿಕೆ ಇಟ್ಟ ಉಗ್ರಾಣಕ್ಕೆ. 'ಕೋಣೆ'ಯೆಂದಾಗ ಉಪದೇಶವು ಅನುಕೂಲಸ್ಥರ ಮನೆಗೆ ಹೊಂದುವ ಮಾತಾಗುತ್ತದೆ. 'ಉಗ್ರಾಣ'ವೆಂದಿದ್ದರೆ, ಮೂಟೆಗಳ ನಡುವೆ, ಇಲಿಯ ಸಪ್ಪಳದಲ್ಲಿ, ಕತ್ತಲಲ್ಲಿ ಎಂದಾಗುತ್ತಿತ್ತು. ತೋಟದಾಳಿನ ಬಿಡಾರಕ್ಕೆ ಉಗ್ರಾಣವೂ ಇಲ್ಲವೆಂಬುದು ಬೇರೆ ಮಾತು. ಆದರೆ ಅವನಿಗೆ ಹೇಳಿದ ಮಾತು ಅವನ ಬಾಳಿಗೆ ಒಂದು ಹೆಜ್ಜೆ ಹತ್ತಿರ ಬರುತ್ತಿತ್ತು.

ಜಾಗದಂತೆ ಹೊತ್ತೂ. ಮಾರ್ಕನು ಹೇಳುವಂತೆ ಯೇಸುವು ನಸುಕಿಗೆ ಮೊದಲೇ ಎದ್ದು ನಿರ್ಜನ ಸ್ಥಳಕ್ಕೆ ಹೋದನು. ಭಕ್ತಿಪುಸ್ತಕಗಳು ಇದನ್ನೇ ವಿಧಿಯಾಗಿ ಮಾಡಿ, ಮುಂಜಾನೆಯ ಏಕಾಂತವನ್ನು ತಪ್ಪಿಸಿದವನನ್ನು ಸೋಮಾರಿಯೆನ್ನುತ್ತವೆ. ಅಡಿಕೆಯ ಸೀಮೆಯ ಪಂಚಾಂಗವನ್ನು ಬಲ್ಲವರು ಹೀಗೆನ್ನಲಾರರು. ಕೊನೆಕೊಯ್ಲಿನ ತಿಂಗಳುಗಳಲ್ಲಿ ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯುತ್ತ ಅರ್ಧರಾತ್ರಿ ಕಳೆಯುತ್ತದೆ. ಚರ್ಚಿನ ಆಗಮನ ಕಾಲ ಸರಿಯಾಗಿ ಈ ದಿನಗಳಲ್ಲಿಯೇ ಬೀಳುತ್ತದೆ. ಕೆಲಸದ ಒತ್ತಡ ಇಳಿಯುತ್ತ ಬಂದಾಗ ತಪಸ್ಸುಕಾಲ ಬರುತ್ತದೆ. ಆಷಾಢ ಶ್ರಾವಣಗಳಲ್ಲಿ ಆಗುಂಬೆ ಹುಲಿಕಲ್ಲುಗಳ ಮಳೆ ಚರ್ಚಿನ ದಾರಿಯನ್ನು ಕಡಿದಾಗ ಮನೆಯೇ ಗುಡಿ. ಇಲ್ಲಿಯ ಭಕ್ತಿಯ ಏರಿಳಿತವನ್ನು ರೋಮಿನ ಪಂಚಾಂಗಕ್ಕೂ ತೋಟದ ಪಂಚಾಂಗಕ್ಕೂ ಹೊಂದಿಸಿ ನೋಡಬೇಕು.

ತೀರ್ಥಹಳ್ಳಿ ಸೀಮೆಯ ಕ್ರೈಸ್ತರೆಂದರೆ ಕನ್ನಡ ಓದುಗರಿಗೆ ನೆನಪಾಗುವವನು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯ ಪಾದ್ರಿ ಜೀವರತ್ನಯ್ಯ. ಅಲ್ಲಿ ಪ್ರಶ್ನೆ ಮತಾಂತರದ್ದು, ಎಂದರೆ ಊರಿನ ನಡುವಿನದು. ಕಾದಂಬರಿಗೆ ಅದು ತಕ್ಕುದೇ. ಚರಿತ್ರಕಾರರು ಅದರಾಚೆಗೆ ನೋಡದಿರುವುದು ತಕ್ಕುದಲ್ಲ.

ಈಚೆಗೆ ಸಾಗರದ ಆಚೆಯ ಒಂದು ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ತಾಯಿಯನ್ನು ಕಂಡೆವು. ಸಂಜೆಯ ತೆರ್ಸ್ ಮನೆಮಂದಿಯೆಲ್ಲ ಕೂಡಿ ಹೇಳುವ ಕೊಂಕಣಿ ಜಪ. ಅದು ಮುಗಿದ ಮೇಲೆ ಕಿರಿಯರು ಹಿರಿಯರಿಂದ ಬೆಸಾಂವ್ ಬೇಡುವುದನ್ನೂ ನೋಡಿದೆವು. ಒಬ್ಬರೇ ಪ್ರಾರ್ಥಿಸುವುದುಂಟೆ ಎಂದು ವಿಚಾರಿಸಿದೆವು. "ಉಂಟಲ್ಲ ಮೇಷ್ಟ್ರೇ, ಬೆಳಿಗ್ಗೆ ಬಚ್ಚಲೊಲೆಯ ಮುಂದೆ. ನೀರು ಕಾಯುವ ತನಕ ನನ್ನನ್ನು ಯಾರೂ ಕರೆಯುವುದಿಲ್ಲ" ಎಂದರು. ಪುಸ್ತಕ ಬೇಡವೆ ಎಂದುದಕ್ಕೆ, "ಹೊಗೆಯಲ್ಲಿ ಕಣ್ಣು ಬಿಡಲಿಕ್ಕಾಗುತ್ತದಾ?" ಎಂದು ನಕ್ಕರು. 1965ರಲ್ಲಿ ಎರಡನೆಯ ವ್ಯಾಟಿಕನ್ ಸಭೆ ಎಲ್ಲ ವಿಶ್ವಾಸಿಗಳೂ ವೇದವನ್ನು ಓದಬೇಕೆಂದು ಒತ್ತಿ ಹೇಳಿದ ಮೇಲೆ ಅವರ ಮಗನು ಕನ್ನಡ ಬೈಬಲನ್ನು ಕೊಂಡಿದ್ದನು. ಅದು ಗಾಜಿನ ಕಪಾಟಿನಲ್ಲಿ ಹೊಸದಾಗಿಯೇ ಇದ್ದಿತು. ಅದರ ಪಕ್ಕದಲ್ಲಿ ಅವರ ಅತ್ತೆಯ ಕಾಲದ ಒಂದು ಕೈಬರೆಹದ ಹೊತ್ತಗೆ: ಕೊಂಕಣಿ ಮಾತು, ಕನ್ನಡ ಅಕ್ಷರ, ಹೊಲಿಗೆ ಬಿಚ್ಚಿದ ಹಾಳೆಗಳು, ಮೊದಲ ಎಂಟು ಪುಟಗಳ ಅಂಚು ಮಸಿಯಿಂದಲೂ ಎಣ್ಣೆಯಿಂದಲೂ ಕಪ್ಪಾಗಿದ್ದವು, ಮಿಕ್ಕವು ಬೆಳ್ಳಗೆ. ಇಂಥ ಹೊತ್ತಗೆಗಳು ಈ ಮೂರು ತಾಲ್ಲೂಕುಗಳ ಮನೆಗಳಲ್ಲಿ ಇನ್ನೂ ಇರಬೇಕು. ಅವನ್ನು ಪ್ರತಿಮಾಡಿಕೊಳ್ಳುವಾಗ ಬರೆಹವನ್ನು ಮಾತ್ರ ಎತ್ತಿಕೊಳ್ಳದೆ, ಯಾವ ಪುಟ ಎಷ್ಟು ಸವೆದಿದೆಯೆಂಬುದನ್ನೂ ಗುರುತು ಹಾಕಿಕೊಳ್ಳಬೇಕೆಂದು ನಮ್ಮ ವಿಭಾಗದ ವಿದ್ಯಾರ್ಥಿಗಳಿಗೆ ಹೇಳಿದ್ದೇವೆ.