ನೆಲ ಒರೆಸುವವಳ ಕಣ್ಣೀರು

ಧಾರಾವಾಹಿಗಳಲ್ಲಿ ಕೆಲಸದ ಹೆಂಗಸಿಗೆ ಸಾಮಾನ್ಯವಾಗಿ ಎರಡೇ ಕೆಲಸ: ಮನೆಯ ಗುಟ್ಟನ್ನು ಬೀದಿಗೆ ತರುವುದು, ಇಲ್ಲವೇ ನೋಡುಗರನ್ನು ನಗಿಸುವುದು. ಇಂಗ್ಲಿಷ್ ನಟಿ ಜೀನ್ ಅಲೆಕ್ಸಾಂಡರ್ ಅವರಿಗೆ ಸಿಕ್ಕಿದ್ದೂ ಇಂಥದೇ ಪಾತ್ರ. ಅದನ್ನು ಅವರು ಎಲ್ಲಿಯವರೆಗೆ ಕೊಂಡೊಯ್ದರು ಎಂಬುದನ್ನು ನಾವು ಗಮನಿಸಬೇಕು.

1926ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದ ಜೀನ್ ಗ್ರಂಥಾಲಯದಲ್ಲಿ ದುಡಿದು, ರಂಗಭೂಮಿಯಲ್ಲಿ ಪಳಗಿ ಕಿರುತೆರೆಗೆ ಬಂದವರು. 1960ರಲ್ಲಿ ಆರಂಭವಾಗಿ ಇಂದಿಗೂ ಮುಂದುವರಿದಿರುವ 'ಕೊರೊನೇಷನ್ ಸ್ಟ್ರೀಟ್' ಧಾರಾವಾಹಿಯಲ್ಲಿ 1964ರಿಂದ 1987ರವರೆಗೆ ಅವರು ಹಿಲ್ಡಾ ಆಗ್ಡನ್ ಆಗಿದ್ದರು. ಉತ್ತರ ಇಂಗ್ಲೆಂಡಿನ ಕಾರ್ಮಿಕರ ಬೀದಿಯೊಂದರ ಕತೆ ಅದು. ಹಿಲ್ಡಾ ಅಲ್ಲಿನ ಪಬ್‌ನ ನೆಲ ಒರೆಸುವವಳು, ನೆರೆಹೊರೆಯ ಸುದ್ದಿಗೆ ಕಿವಿಗೊಡುವವಳು, ಮೈಗಳ್ಳ ಗಂಡ ಸ್ಟಾನ್‌ನನ್ನು ಸದಾ ಗದರುವವಳು.

ತಲೆಗೆ ವಸ್ತ್ರ, ಅದರಡಿ ಕೂದಲಿಗೆ ಸುತ್ತಿದ ಕರ್ಲರ್‌ಗಳು. ಈ ವೇಷ ಜನರನ್ನು ನಗಿಸಿತು. ಆದರೆ ಜೀನ್ ಅದನ್ನು ಆರಿಸಿಕೊಂಡದ್ದು ನಗಿಸಲಿಕ್ಕಲ್ಲ. ಯುದ್ಧಕಾಲದಲ್ಲಿ ಮದ್ದುಗುಂಡು ಕಾರ್ಖಾನೆಯ ಹೆಂಗಸರು ಹೀಗೆ ಕೆಲಸಕ್ಕೆ ಹೋಗುತ್ತಿದ್ದುದನ್ನು ಅವರು ಕಂಡಿದ್ದರು. ಸಂಜೆ ಎಲ್ಲಿಗಾದರೂ ಹೊರಡುವ ಅವಕಾಶ ಬಂದರೆ ಕೂದಲು ಸಿದ್ಧವಿರಲಿ ಎಂಬ ಆಸೆ ಅವರದು. ಹಿಲ್ಡಾಳ ಪಾಲಿಗೆ ಆ ಸಂಜೆ ಬರುವುದೇ ಇಲ್ಲ, ಆದರೂ ಆಸೆ ಬಿಡುವುದಿಲ್ಲ. ಹಾಸ್ಯದ ಬೆನ್ನಿಗೇ ದುಃಖವಿದೆ ಎಂದು ಈ ನಟಿಗೆ ಮೊದಲೇ ಗೊತ್ತಿತ್ತು.

1984ರಲ್ಲಿ ಸ್ಟಾನ್ ಪಾತ್ರಧಾರಿ ಬರ್ನಾರ್ಡ್ ಯೂವೆನ್ಸ್ ತೀರಿಕೊಂಡರು. ಕತೆಯಲ್ಲೂ ಸ್ಟಾನ್ ಸತ್ತ. ಅಂತ್ಯಕ್ರಿಯೆ ಮುಗಿದ ಮೇಲೆ ಹಿಲ್ಡಾ ಒಬ್ಬಳೇ ಕೂತು ಅವನ ವಸ್ತುಗಳ ಪೊಟ್ಟಣ ಬಿಚ್ಚುತ್ತಾಳೆ. ಕನ್ನಡಕದ ಡಬ್ಬಿ ಕೈಗೆ ಸಿಗುತ್ತದೆ. ಅಷ್ಟರವರೆಗೆ ತಡೆದಿದ್ದ ಅಳು ಆಗ ಒಡೆಯುತ್ತದೆ. ಉದ್ದುದ್ದ ಮಾತಿಲ್ಲ. ಇಪ್ಪತ್ತು ವರ್ಷ ಜಗಳವೆಂದು ನಾವು ನಕ್ಕದ್ದು ನಿಜವಾಗಿ ಸಂಸಾರವಾಗಿತ್ತು ಎಂಬುದು ಆ ಕೆಲವೇ ಕ್ಷಣಗಳಲ್ಲಿ ತಿಳಿಯುತ್ತದೆ. ಮರುವರ್ಷ ರಾಯಲ್ ಟೆಲಿವಿಷನ್ ಸೊಸೈಟಿಯ ಪ್ರಶಸ್ತಿ ಅವರಿಗೆ ಸಂದಿತು.

1987ರ ಕ್ರಿಸ್‌ಮಸ್ ದಿನದ ಅವರ ವಿದಾಯದ ಕಂತನ್ನು, ಮರುಪ್ರಸಾರವೂ ಸೇರಿ, ಎರಡೂವರೆ ಕೋಟಿಗೂ ಹೆಚ್ಚು ಜನ ನೋಡಿದರು. ಆದರೆ ಹಿಲ್ಡಾ ಹೋದದ್ದೆಲ್ಲಿಗೆ? ಹಳ್ಳಿಯಲ್ಲಿ ಒಬ್ಬ ವೈದ್ಯರ ಮನೆ ನೋಡಿಕೊಳ್ಳಲು! ನಟಿ ಆ ಹೆಂಗಸಿಗೆ ಅಷ್ಟೊಂದು ಘನತೆ ತಂದುಕೊಟ್ಟರೂ ಕತೆಗಾರರಿಗೆ ಅವಳನ್ನು ಚಾಕರಿಯಿಂದಾಚೆ ಕಲ್ಪಿಸಿಕೊಳ್ಳಲಾಗಲಿಲ್ಲ. ಇದು ನಮ್ಮ ತಕರಾರು.

ಮುಂದೆ 'ಲಾಸ್ಟ್ ಆಫ್ ದ ಸಮ್ಮರ್ ವೈನ್' ಹಾಸ್ಯ ಧಾರಾವಾಹಿಯಲ್ಲಿ 1988ರಲ್ಲಿ ಮೊದಲು ಕಾಣಿಸಿಕೊಂಡ ಅವರು, 2010ರಲ್ಲಿ ಅದು ಮುಗಿಯುವವರೆಗೂ ಹಳೆ ಸಾಮಾನಿನ ಅಂಗಡಿಯ ಜಿಗುಟು ಮುದುಕಿಯಾಗಿ ನಗಿಸಿದರು. ಆ ಪಾತ್ರದಲ್ಲಿ ಚುರುಕಿತ್ತು, ಆಳವಿರಲಿಲ್ಲ. 2016ರಲ್ಲಿ, 90ನೆಯ ವಯಸ್ಸಿನಲ್ಲಿ ಅವರು ನಿಧನರಾದಾಗ ಜನ ನೆನೆದದ್ದು ಹಿಲ್ಡಾಳನ್ನೇ.

ಧಾರಾವಾಹಿಯೆಂದರೆ ಕೀಳು ಕಲೆಯೆಂದು ಮೂಗು ಮುರಿಯುವವರು ನಮ್ಮಲ್ಲೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಒಬ್ಬ ಬಡ ಹೆಂಗಸಿನೊಂದಿಗೆ ಇಪ್ಪತ್ತಮೂರು ವರ್ಷ ಒಂದು ದೇಶವನ್ನೇ ಬಾಳಿಸುವುದು ಬೇರಾವ ಕಲೆಗೆ ಸಾಧ್ಯ? ದೋಷ ಮಾಧ್ಯಮದ್ದಲ್ಲ. ಕಸಬರಿಕೆ ಹಿಡಿದವಳಿಗೂ ಒಂದು ಮನಸ್ಸಿದೆಯೆಂದು ನಾವು ನಂಬುತ್ತೇವೆಯೇ ಎಂಬುದೇ ಪ್ರಶ್ನೆ.