ಸ್ಪಿನ್ ಉಷ್ಣತೆ ಒಂದೆಯೇ?

2.5 ಟೆಸ್ಲಾ ಕಾಂತಕ್ಷೇತ್ರದಲ್ಲಿ, 1 ಕೆಲ್ವಿನ್ ಉಷ್ಣತೆಯಲ್ಲಿ, ಎಲೆಕ್ಟ್ರಾನುಗಳ ಸ್ಪಿನ್ ಧ್ರುವೀಕರಣವು ಶೇಕಡಾ 93ರಷ್ಟಾದರೆ ಪ್ರೋಟಾನುಗಳದು ಶೇಕಡಾ ಕಾಲು ಮಾತ್ರ. ಅವಾಹಕ ಘನವಸ್ತುವೊಂದರಲ್ಲಿ ಜೊತೆಯಿಲ್ಲದ ಎಲೆಕ್ಟ್ರಾನುಗಳನ್ನು ವಿರಳವಾಗಿ ಸೇರಿಸಿ, ಅವುಗಳ ಅನುರಣನಕ್ಕೆ ಸಮೀಪದ ಸೂಕ್ಷ್ಮತರಂಗಗಳನ್ನು ಹಾಯಿಸಿದರೆ, ಈ ಧ್ರುವೀಕರಣದ ಬಹುಪಾಲನ್ನು ನ್ಯೂಕ್ಲಿಯಸ್ಸುಗಳಿಗೆ ಸಾಗಿಸಬಹುದು. ಎಲೆಕ್ಟ್ರಾನಿನ ರೋಹಿತರೇಖೆ ಕಿರಿದಾಗಿದ್ದಲ್ಲಿ ಅಬ್ರಗಾಮ್ ಮತ್ತು ಪ್ರಾಕ್ಟರ್ 1958ರಲ್ಲಿ ತೋರಿಸಿದ ಘನಪರಿಣಾಮವೇ ಇದಕ್ಕೆ ಸಾಕಾದ ವಿವರಣೆ. ರೇಖೆ ಅಗಲವಾದಲ್ಲಿ ತೊಡಕು ಮೊದಲಾಗುತ್ತದೆ.

ಅಲ್ಲಿಗೆ ಬೋರ್ಘಿನಿಯವರು 1968ರಲ್ಲಿ ಮುಂದಿಟ್ಟ ವಾದ ಸೊಗಸಾದುದೆಂಬುದನ್ನು ಒಪ್ಪಲೇಬೇಕು. ಎಲೆಕ್ಟ್ರಾನುಗಳು ತಮ್ಮತಮ್ಮೊಳಗೆ ಸ್ಪಿನ್ನುಗಳನ್ನು ಶೀಘ್ರವಾಗಿ ವಿನಿಮಯಿಸಿಕೊಳ್ಳುವುದರಿಂದ ಇಡೀ ರೇಖೆಗೆ ಒಂದೇ ಸ್ಪಿನ್ ಉಷ್ಣತೆ ಲಭಿಸುತ್ತದೆ. ನ್ಯೂಕ್ಲಿಯಸ್ಸುಗಳೂ ಅದನ್ನೇ ತಾಳುತ್ತವೆ. ಪ್ರೋಟಾನು, ಡ್ಯೂಟೆರಾನು, ಕಾರ್ಬನ್-13 ಮೂರೂ ಒಂದೇ ಸ್ಪಿನ್ ಉಷ್ಣತೆಗೆ ಬರುವುದನ್ನು ಬೋರ್ಘಿನಿಯವರೂ ಸಹೋದ್ಯೋಗಿಗಳೂ 1974ರಲ್ಲಿ ಪ್ರಕಟಿಸಿದರು. ಇದನ್ನೇ ಸಿದ್ಧಾಂತದ ವಿಜಯವೆಂದು ಬೋಧಿಸುವುದು ವಾಡಿಕೆ. ಆದರೆ ಆ ಸಾಕ್ಷ್ಯ ನ್ಯೂಕ್ಲಿಯಸ್ಸುಗಳದು, ಎಲೆಕ್ಟ್ರಾನುಗಳದಲ್ಲ. ರೇಖೆಯ ಒಂದು ಭಾಗದೊಡನೆ ಮಾತ್ರ ಸಂಪರ್ಕವಿದ್ದರೂ ಮೂರು ನ್ಯೂಕ್ಲಿಯಸ್ಸುಗಳು ಸಮೋಷ್ಣವಾಗಬಹುದಷ್ಟೆ.

ಇನ್ನೂ ಮೂಲಭೂತವಾದ ಆಕ್ಷೇಪಣೆಯೊಂದುಂಟು. ವಿನಿಮಯಕ್ಕೆ ಪರಸ್ಪರ ವಿರುದ್ಧ ದಿಕ್ಕಿನ ಎರಡು ಎಲೆಕ್ಟ್ರಾನುಗಳು ಬೇಕು. ಅಂಥ ಜೋಡಿ ದೊರೆಯುವ ಸಂಭವವು, ಧ್ರುವೀಕರಣದ ವರ್ಗವನ್ನು ಒಂದರಿಂದ ಕಳೆದರೆ ಬರುವ ಸಂಖ್ಯೆಗೆ ಅನುಪಾತದಲ್ಲಿರುತ್ತದೆ. 1 ಕೆಲ್ವಿನ್ನಿನಲ್ಲಿ ಈ ಸಂಖ್ಯೆ ಸುಮಾರು 0.13, ಅರ್ಧ ಕೆಲ್ವಿನ್ನಿನಲ್ಲಿ 0.005 ಮಾತ್ರ. ಎಂದರೆ ಶೈತ್ಯ ಹೆಚ್ಚಿದಷ್ಟೂ ವಾದದ ತಳಹದಿಯೇ ಸಡಿಲವಾಗುತ್ತದೆ! ಸೂಕ್ಷ್ಮತರಂಗಗಳು ಎಲೆಕ್ಟ್ರಾನುಗಳ ಧ್ರುವೀಕರಣವನ್ನು ತಗ್ಗಿಸುವುದರಿಂದ ಈ ಅಂಕಿಗಳನ್ನು ಅಕ್ಷರಶಃ ಹಿಡಿಯಲಾಗದು, ನಿಜ. ಆದರೂ ಆಕ್ಷೇಪಣೆ ಅಳಿಯುವುದಿಲ್ಲ. ವೈಜ್‌ಮನ್ ಸಂಸ್ಥೆಯಲ್ಲಿ ಶಿಮೋನ್ ವೇಗಾ ಮತ್ತು ಸಂಗಡಿಗರು 2010ರ ದಶಕದಲ್ಲಿ, ಕೆಲವು ಕೆಲ್ವಿನ್ ಉಷ್ಣತೆಗಳಲ್ಲಿ, ಎಲೆಕ್ಟ್ರಾನುಗಳನ್ನೇ ನೇರವಾಗಿ ಅಳೆದು ನೋಡಿದಾಗ ರೇಖೆಯುದ್ದಕ್ಕೂ ಕಂಡ ಏರುತಗ್ಗುಗಳು ಒಂದೇ ಉಷ್ಣತೆಗೆ ಒಗ್ಗಲಿಲ್ಲ. ಧ್ರುವೀಕರಣವು ರೇಖೆಯಲ್ಲಿ ಮೆಲ್ಲಗೆ ಹರಡುವುದೆಂಬ ಚಿತ್ರವನ್ನು ಅವರು ಮುಂದಿಟ್ಟರು.

ಇದು ಬರಿಯ ತರ್ಕವಿವಾದವಲ್ಲ. ವಿನಿಮಯವು ಶೀಘ್ರವೆಂದು ಮೊದಲೇ ಗ್ರಹಿಸಿದ ಬೋರ್ಘಿನಿಯವರ ಸಮೀಕರಣದಲ್ಲಿ ಅದರ ವೇಗಕ್ಕೆ ಸ್ಥಾನವಿಲ್ಲ. ಹರಡುವಿಕೆಯ ಚಿತ್ರದಲ್ಲಿ ಆ ವೇಗವೇ, ಅದನ್ನು ನಿಯಮಿಸುವ ಎಲೆಕ್ಟ್ರಾನು ಸಾಂದ್ರತೆಯೇ ನಿರ್ಣಾಯಕ. ಮಾದರಿಯಲ್ಲಿ ಎಷ್ಟು ರಾಡಿಕಲ್ ಬೆರೆಸಬೇಕೆಂಬ ಪ್ರಶ್ನೆಗೆ ಇವೆರಡೂ ಒಂದೇ ಉತ್ತರವನ್ನು ಕೊಡಲಾರವು.